ಕಟ್ಟೆಯಿಲ್ಲದ ಬಾವಿ

ಹೆಸರು ಬರೆಯಲು ಇಪ್ಪತ್ತು ಬೈಟ್ ಜಾಗ. ಮೊದಲ ವರ್ಷದ ಎಂಜಿನಿಯರಿಂಗ್ ಲ್ಯಾಬ್‌ನ ರೆಕಾರ್ಡ್ ಪುಸ್ತಕದಲ್ಲಿ ಸಿ ಭಾಷೆಯ ಒಂದು ಪ್ರೋಗ್ರಾಂ. ವಿದ್ಯಾರ್ಥಿಗಳ ಹೆಸರು, ರೋಲ್ ನಂಬರ್, ಅಂಕ ತೆಗೆದುಕೊಂಡು ಪಟ್ಟಿ ಮಾಡುವಂಥದ್ದು. ಹೆಸರನ್ನು ಓದಿಕೊಳ್ಳುವ ಸಾಲಿನಲ್ಲಿ ‘ಗೆಟ್ಸ್’ ಎಂಬ ಫಂಕ್ಷನ್. ಕೆಲವು ವರ್ಷಗಳ ಹಿಂದೆ ಇಂಥದೊಂದು ಲ್ಯಾಬ್ ಪರೀಕ್ಷೆಯ ಹೊತ್ತಿಗೆ ನಾವು ಅಲ್ಲಿದ್ದೆವು. ಹುಡುಗಿಯೊಬ್ಬಳು ಕೇಳಿದಳು: “ಸರ್, ಹೆಸರು ಇಪ್ಪತ್ತಕ್ಕಿಂತ ಉದ್ದ ಇದ್ರೆ ಏನಾಗುತ್ತೆ?” ಉತ್ತರ ಬಂತು: “ಅಷ್ಟುದ್ದದ ಹೆಸರು ಕೊಡಬೇಡಮ್ಮ. ಔಟ್‌ಪುಟ್ ಬಂದ್ರೆ ಸಾಕು.”

ಆ ಮೇಷ್ಟ್ರು ಸೋಮಾರಿಯೂ ಅಲ್ಲ, ದಡ್ಡರೂ ಅಲ್ಲ. ಅವರ ಮೇಷ್ಟ್ರು ಅವರಿಗೆ ಕಲಿಸಿದ್ದೂ ಅಷ್ಟೇ. ಆದರೆ ಆ ಒಂದು ಉತ್ತರದಲ್ಲಿ ಅರ್ಧ ಶತಮಾನದಿಂದ ಜಗತ್ತಿನ ಕಂಪ್ಯೂಟರುಗಳನ್ನು ಆಳುತ್ತ ಬಂದ ತತ್ತ್ವವೊಂದು ಇಡಿಯಾಗಿ ಕೂತಿದೆ: ಯಂತ್ರ ತಪಾಸಣೆ ಮಾಡುವುದಿಲ್ಲ, ಬಳಸುವವನೇ ಎಚ್ಚರದಿಂದಿರಬೇಕು. ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯೂ ಅದರ ಜೊತೆಗೇ ಬೆಳೆದ ಸಿ ಭಾಷೆಯೂ ಈ ತತ್ತ್ವದ ಮೇಲೆ ನಿಂತಿವೆ. ಇದು ತಪ್ಪು ತತ್ತ್ವ. ಹುಟ್ಟಿದ ಕಾಲಕ್ಕೇ ತಪ್ಪಾಗಿತ್ತು, ತಪ್ಪೆಂದು ಹೇಳಿದವರು ಆಗಲೇ ಇದ್ದರು, ಅದನ್ನು ಇಂದಿಗೂ ಹೊಸ ಮಕ್ಕಳ ತಲೆಗೆ ತುಂಬುತ್ತಿರುವುದು ಅಕ್ಷಮ್ಯ.

ಊರಲ್ಲಿ ಬಾವಿ ತೋಡಿಸಿದವರು ಕಟ್ಟೆಯನ್ನೂ ಕಟ್ಟಿಸುತ್ತಾರೆ. ನೀರು ಸೇದಲು ಬರುವವರೆಲ್ಲ ಎಚ್ಚರಸ್ಥರೇ ಇರಬಹುದು, ಆದರೂ ಕಟ್ಟಿಸುತ್ತಾರೆ. ಕತ್ತಲಲ್ಲಿ ಬರುವವರಿದ್ದಾರೆ, ಆಡುವ ಮಕ್ಕಳಿದ್ದಾರೆ, ದನಕರುಗಳಿವೆ. ಗೆಟ್ಸ್‌ಗೆ ಕಟ್ಟೆಯಿಲ್ಲ. ಬಂದದ್ದನ್ನು ಸಾಲು ಮುಗಿಯುವ ತನಕ ಮೆಮೊರಿಗೆ ತುಂಬುತ್ತ ಹೋಗುವುದಷ್ಟೇ ಅದಕ್ಕೆ ಗೊತ್ತು. ಜಾಗ ಎಷ್ಟಿದೆ ಎಂದು ಅದಕ್ಕೆ ತಿಳಿಸುವ ದಾರಿಯನ್ನೇ ಇಟ್ಟಿಲ್ಲ. ಇಪ್ಪತ್ತು ಬೈಟ್ ತುಂಬಿದ ಮೇಲೂ ನಿಲ್ಲದೆ ಪಕ್ಕದ ಮೆಮೊರಿಯ ಮೇಲೆ ಬರೆಯುತ್ತದೆ. ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸ ಇರುವುದೂ ಅಲ್ಲೇ ಹತ್ತಿರದಲ್ಲಿ. ಆ ವಿಳಾಸವನ್ನು ತನಗೆ ಬೇಕಾದಂತೆ ತಿದ್ದಲು ಗೊತ್ತಿರುವ ಕಳ್ಳನಿಗೆ ಇಡೀ ಯಂತ್ರ ವಶವಾಗುತ್ತದೆ.

ಇದು ಬರೀ ಪುಸ್ತಕದ ಭಯವಲ್ಲ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಇಂಟರ್ನೆಟ್ಟಿಗೆ ಒಂದು ಹುಳುವನ್ನು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಪ್ರೋಗ್ರಾಮನ್ನು, ಬಿಟ್ಟ. ಅದು ಒಳನುಗ್ಗಿದ ದಾರಿಗಳಲ್ಲಿ ಒಂದು, ಯಾರು ಲಾಗಿನ್ ಆಗಿದ್ದಾರೆ ಎಂದು ತಿಳಿಸುವ ‘ಫಿಂಗರ್’ ಎಂಬ ಸಣ್ಣ ಸೇವೆ. ಆ ಪ್ರೋಗ್ರಾಂ ಗೆಟ್ಸ್ ಬಳಸಿ 512 ಬೈಟ್‌ಗಳ ಜಾಗಕ್ಕೆ ಓದಿಕೊಳ್ಳುತ್ತಿತ್ತು. ಹುಳು 536 ಬೈಟ್ ಕಳಿಸಿತು. ಹೆಚ್ಚಿಗೆ ಬಂದ ಇಪ್ಪತ್ತನಾಲ್ಕು ಬೈಟ್ ಸಾಕಾಯಿತು. ಅಂದಿನ ಇಂಟರ್ನೆಟ್‌ನಲ್ಲಿದ್ದ ಸುಮಾರು 60,000 ಯಂತ್ರಗಳ ಪೈಕಿ 6,000ದಷ್ಟು ಬಾಧೆಗೊಳಗಾದವು ಎಂಬುದು ಆಗಿನ ಅಂದಾಜು. ಆ ಹುಡುಗನ ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್‌ನ ಪಾಸ್‌ವರ್ಡ್ ವ್ಯವಸ್ಥೆಗೆ ದುಡಿದವರು, ಆ ಹೊತ್ತಿಗೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿದ್ದರು. ಮಗನಿಗೆ ನ್ಯಾಯಾಲಯ ಶಿಕ್ಷೆ ಕೊಟ್ಟಿತು.

ಗೆಟ್ಸ್‌ಗೆ ಏನಾಯಿತು? ಮರುವರ್ಷ, 1989ರಲ್ಲಿ, ಸಿ ಭಾಷೆಗೆ ಮೊದಲ ಅಧಿಕೃತ ಮಾನದಂಡ ಬಂದಾಗ ಅದಕ್ಕೆ ಗೌರವದ ಜಾಗವೇ ಸಿಕ್ಕಿತು. ಹಳೆಯ ಪ್ರೋಗ್ರಾಂಗಳು ಕೆಡಬಾರದು ಎಂಬ ನೆಪ. ಮಾನದಂಡದಿಂದ ಅದನ್ನು ತೆಗೆದುಹಾಕಿದ್ದು 2011ರಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವೆ. ಇಲ್ಲಿ ಬಾಗಿಲು ಹಾಕಲು ಇಪ್ಪತ್ತಮೂರು ವರ್ಷ ಹಿಡಿಯಿತು.

ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಸಾಧಾರಣ ಪ್ರತಿಭಾವಂತರು. ಅವರ ಕೈಯಲ್ಲಿದ್ದ ಮೊದಲ ಪಿಡಿಪಿ-11 ಯಂತ್ರದ ಮೆಮೊರಿ 24 ಕಿಲೋಬೈಟ್; ಅದರಲ್ಲಿ ವ್ಯವಸ್ಥೆಗೇ 16 ಹೋಗುತ್ತಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ಪಕ್ಕದಲ್ಲಿ ಇಟ್ಟರೆ ಕಾಣದಷ್ಟು ಪುಟ್ಟ ಜಾಗ. ಅಲ್ಲಿಂದ ಆರಂಭಿಸಿ ಅವರು ಕಡತಗಳ ಅಚ್ಚುಕಟ್ಟಾದ ಜೋಡಣೆಯನ್ನೂ, ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸುವ ‘ಪೈಪ್’ ಅನ್ನೂ, ಯಂತ್ರದಿಂದ ಯಂತ್ರಕ್ಕೆ ಸಾಗಿಸಬಲ್ಲ ವ್ಯವಸ್ಥೆಯನ್ನೂ ಕೊಟ್ಟರು. ಆ ಸಾಧನೆಗೆ ನಾವು ಕೈಮುಗಿಯುತ್ತೇವೆ. ತೀರ್ಪು ಬೇಕಿರುವುದು ಅವರು ಬಿಟ್ಟುಬಿಟ್ಟ ಒಂದು ಸಂಗತಿಯ ಬಗ್ಗೆ.

ಸಿ ಭಾಷೆಯ ಅಜ್ಜಿ ಎನ್ನಬಹುದಾದ ಬಿಸಿಪಿಎಲ್ ಭಾಷೆಯಲ್ಲಿ ಅಕ್ಷರಗಳ ಸರಮಾಲೆಯ ಮೊದಲ ಬೈಟಿನಲ್ಲೇ ಅದರ ಉದ್ದವನ್ನು ಬರೆದಿಡುವ ಪದ್ಧತಿ ಇತ್ತು. ಥಾಂಪ್ಸನ್ ತಮ್ಮ ಬಿ ಭಾಷೆಯಲ್ಲಿ ಇದನ್ನು ಕೈಬಿಟ್ಟು, ಕೊನೆಯಲ್ಲಿ ಒಂದು ಗುರುತು ಹಾಕುವ ಪದ್ಧತಿ ತಂದರು. ಒಂದೇ ಬೈಟಿನಲ್ಲಿ ಬರೆಯಬಹುದಾದ ಉದ್ದಕ್ಕೆ ಮಿತಿ ಇತ್ತು ಎಂಬುದು ಒಂದು ಕಾರಣ. ಸಿ ಅದನ್ನೇ ಉಳಿಸಿಕೊಂಡಿತು. ಗುರುತು ಸೊನ್ನೆ ಬೈಟ್ ಆಯಿತು. ಅಂದಿನಿಂದ ಸಿ ಪ್ರೋಗ್ರಾಮಿಗೆ ತನ್ನ ಕೈಯಲ್ಲಿರುವ ಪದ ಎಷ್ಟುದ್ದ ಎಂದು ನೇರವಾಗಿ ಗೊತ್ತಿಲ್ಲ. ಸೊನ್ನೆ ಸಿಗುವ ತನಕ ನಡೆಯಬೇಕು. ಆ ಸೊನ್ನೆ ಕಳೆದುಹೋದರೆ ಎಲ್ಲಿಯ ತನಕ ನಡೆಯುತ್ತದೆ ಎಂದು ಹೇಳುವವರಿಲ್ಲ. ಇನ್ನೊಂದು ಬೈಟ್ ಖರ್ಚು ಮಾಡಿ ಉದ್ದವನ್ನು ಜೊತೆಗೇ ಇಟ್ಟಿದ್ದರೆ ಮುಂದಿನ ಎಷ್ಟೋ ಅನಾಹುತಗಳಿಗೆ ಕಾಲಿಡಲು ಜಾಗವೇ ಇರುತ್ತಿರಲಿಲ್ಲ.

“ಆ ಕಾಲದಲ್ಲಿ ಬೇರೆ ದಾರಿ ಎಲ್ಲಿತ್ತು?” ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ದಾರಿ ಇತ್ತು. 1961ರಲ್ಲೇ ಬರೋಸ್ ಕಂಪನಿ ಬಿ5000 ಎಂಬ ಯಂತ್ರವನ್ನು ಪ್ರಕಟಿಸಿತ್ತು. ಪಟ್ಟಿಯ ಮಿತಿ ದಾಟಿದರೆ ಅದರ ಯಂತ್ರಾಂಶವೇ ತಡೆಯುತ್ತಿತ್ತು. ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಸೇರಿ ಕೈಹಾಕಿದ ಮಲ್ಟಿಕ್ಸ್ ವ್ಯವಸ್ಥೆಯನ್ನು ಪಿಎಲ್/ಒನ್ ಭಾಷೆಯಲ್ಲಿ ಬರೆದರು. ಅಲ್ಲಿ ಪ್ರತಿ ಸರಮಾಲೆಗೂ ಘೋಷಿತ ಉದ್ದ, ಮೆಮೊರಿಯ ಪ್ರತಿ ಖಂಡಕ್ಕೂ ಗಡಿ. ಬಫರ್ ಉಕ್ಕುವ, ಅಂದರೆ ಕೊಟ್ಟ ಜಾಗ ಮೀರಿ ಬರೆಯುವ, ದೋಷ ಮಲ್ಟಿಕ್ಸ್‌ನಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ ಎಂದು 1974ರಲ್ಲಿ ಅದರ ಭದ್ರತೆಯನ್ನು ಜಾಲಾಡಿದ್ದ ಪಾಲ್ ಕಾರ್ಗರ್ ಮತ್ತು ರೋಜರ್ ಶೆಲ್ 2002ರಲ್ಲಿ ಹಿಂತಿರುಗಿ ನೋಡಿ ಬರೆದರು. ಮಲ್ಟಿಕ್ಸ್ ಭಾರವಾಗಿತ್ತು, ತಡವಾಯಿತು, ದುಬಾರಿಯಾಗಿತ್ತು, ನಿಜ. ಬೆಲ್ ಲ್ಯಾಬ್ಸ್ 1969ರಲ್ಲಿ ಅದರಿಂದ ಹೊರಬಂತು. ಆ ನಿರಾಸೆಯಿಂದಲೇ ಯೂನಿಕ್ಸ್ ಹುಟ್ಟಿತು. ಭಾರ ಇಳಿಸುವ ಭರದಲ್ಲಿ ಕಟ್ಟೆಯ ಕಲ್ಲುಗಳನ್ನೂ ಇಳಿಸಿಬಿಟ್ಟರು.

ಅಮೆರಿಕದ ವಾಯುಪಡೆಗಾಗಿ ಜೇಮ್ಸ್ ಆಂಡರ್ಸನ್ ಬರೆದ ಭದ್ರತಾ ವರದಿಯಲ್ಲಿ, ಮಿತಿ ಪರೀಕ್ಷಿಸದ ಪ್ರೋಗ್ರಾಮಿನ ಮೇಲೆ ಬೇಕಾದದ್ದನ್ನು ಬರೆದು ಯಂತ್ರವನ್ನು ವಶಪಡಿಸಿಕೊಳ್ಳುವ ಉಪಾಯ ಆಗಲೇ ವರ್ಣಿತವಾಗಿದೆ. ವರ್ಷ 1972. ಸಿ ಭಾಷೆ ರೂಪುಗೊಳ್ಳುತ್ತಿದ್ದದ್ದೂ ಅದೇ ವರ್ಷ. ಇನ್ನು ಗಣಕವಿಜ್ಞಾನಿ ಟೋನಿ ಹೋರ್. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಅವರು 1960ರ ದಶಕದ ತಮ್ಮ ಆಲ್ಗಾಲ್ ಕಂಪೈಲರಿನ ಅನುಭವ ಹೇಳಿದರು. ಮಿತಿ ತಪಾಸಣೆಯನ್ನು ಬೇಕಾದರೆ ಆರಿಸಿಕೊಡುತ್ತೇವೆ, ವೇಗ ಹೆಚ್ಚುತ್ತದೆ ಎಂದು ಗ್ರಾಹಕರನ್ನು ಕೇಳಿದಾಗ ಅವರೆಲ್ಲ ಒಂದೇ ದನಿಯಲ್ಲಿ ಬೇಡ ಎಂದರಂತೆ. ದುಡ್ಡು ಕೊಟ್ಟು ಬಳಸುವವರಿಗೆ ಅಂದೇ ತಿಳಿದಿದ್ದ ವಿವೇಕವನ್ನು ಭಾಷೆ ಕಟ್ಟುವವರು ಬದಿಗೆ ಸರಿಸಿದರು. ಇದೇ ಹೋರ್ 1965ರಲ್ಲಿ ತಾವೇ ತಂದ, ಏನನ್ನೂ ಸೂಚಿಸದ ‘ನಲ್’ ಉಲ್ಲೇಖವನ್ನು 2009ರಲ್ಲಿ ನೂರು ಕೋಟಿ ಡಾಲರಿನ ತಪ್ಪು ಎಂದು ಸಭೆಯಲ್ಲಿ ಒಪ್ಪಿಕೊಂಡರು. ಹಾಗೆ ಎದೆಗಾರಿಕೆಯಿಂದ ಒಪ್ಪಿಕೊಂಡವರು ಈ ಕ್ಷೇತ್ರದಲ್ಲಿ ಬಲು ಕಡಿಮೆ.

ಸಿ ಮಾನದಂಡ ಸಮಿತಿ ತನ್ನ ವಿವರಣೆಯಲ್ಲಿ ಭಾಷೆಯ ಆತ್ಮವನ್ನು ಹೇಳುವಾಗ ಮೊದಲು ಇಟ್ಟದ್ದು ‘ಪ್ರೋಗ್ರಾಮರನ್ನು ನಂಬಿ’ ಎಂಬ ಸೂತ್ರ. ಕಿವಿಗೆ ಇಂಪಾದ ಮಾತು. ಆದರೆ ಇಲ್ಲಿ ನಂಬಿಕೆ ಎಂಬ ಹೆಸರಿನಲ್ಲಿ ನಡೆದದ್ದು ಹೊಣೆಯ ವರ್ಗಾವಣೆ. ವ್ಯವಸ್ಥೆ ಕಟ್ಟಿದವನ ಕೆಲಸ ಹಗುರಾಯಿತು. ಆ ಹೊರೆ ಬಳಸುವ ಲಕ್ಷಾಂತರ ಪ್ರೋಗ್ರಾಮರುಗಳ ತಲೆ ಮೇಲೆ, ಅವರಿಂದ ಏನೂ ಅರಿಯದ ಕೋಟ್ಯಂತರ ಜನರ ತಲೆ ಮೇಲೆ ಕೂತಿತು. ಲಿಸ್ಪ್ ಪಂಡಿತ ರಿಚರ್ಡ್ ಗೇಬ್ರಿಯಲ್ 1989ರ ಸುಮಾರಿಗೆ ಇದನ್ನು ನಿಚ್ಚಳವಾಗಿ ಗುರುತಿಸಿದರು. ಯೂನಿಕ್ಸ್ ಮಾರ್ಗದಲ್ಲಿ ಒಳಗಿನ ರಚನೆ ಸರಳವಾಗಿದ್ದರೆ ಸಾಕು. ಸರಿಯಾಗಿರುವುದು, ಪೂರ್ಣವಾಗಿರುವುದು ಅದಕ್ಕೆ ತಲೆಬಾಗಬೇಕು. ಇಂಥದ್ದೇ ಬೇಗ ಹಬ್ಬುತ್ತದೆ ಎಂದೂ ಅವರು ಕಂಡಿದ್ದರು. ಹಬ್ಬಿತು. ಹಬ್ಬಿದ್ದೇ ಯೋಗ್ಯತೆಗೆ ಸಾಕ್ಷಿ ಎನ್ನುವವರಿಗೆ ನಮ್ಮ ಕೆರೆಗಳಲ್ಲಿ ಹಬ್ಬಿದ ಅಂತರಗಂಗೆಯನ್ನು ತೋರಿಸಬೇಕಾಗುತ್ತದೆ.

ಹೊರೆ ಹೇಗೆ ಜನರ ಮೇಲೆ ಬೀಳುತ್ತದೆ ಎಂಬುದಕ್ಕೆ 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷವನ್ನು ನೋಡಿ. ಬ್ಯಾಂಕಿಗೋ ಇಮೇಲಿಗೋ ಗುಟ್ಟಾಗಿ ಮಾತಾಡಲು ನೆರವಾಗುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ, ಸಂಪರ್ಕ ಜೀವಂತವಾಗಿದೆಯೇ ಎಂದು ನಾಡಿ ಹಿಡಿದು ನೋಡುವ ಒಂದು ಸೌಕರ್ಯವಿತ್ತು. ಈ ಕಡೆಯ ಯಂತ್ರ “ಹೂವು ಎಂಬ ಪದವನ್ನು ನನಗೆ ತಿರುಗಿ ಹೇಳು, ಅದರ ಉದ್ದ ಇಷ್ಟು” ಎಂದು ಕೇಳುತ್ತದೆ; ಆ ಕಡೆಯದು ಹಾಗೇ ಹೇಳುತ್ತದೆ. ಕಳ್ಳ ‘ಹೂವು’ ಕಳಿಸಿ, ಉದ್ದ ಅರವತ್ತು ಸಾವಿರ ಬೈಟ್ ಎಂದು ಸುಳ್ಳು ಹೇಳಿದ. ಸರ್ವರ್ ಆ ಮಾತನ್ನು ನಂಬಿ, ಹೂವಿನ ಜೊತೆಗೆ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೆಲ್ಲ ಸುರಿದುಕೊಟ್ಟಿತು. ಒಂದು ಸಲಕ್ಕೆ 64 ಕಿಲೋಬೈಟ್ ತನಕ. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀಲಿಯೇ ಇರಬಹುದು. ಕೇಳಿದ ಉದ್ದ ಬಂದ ಪದಕ್ಕಿಂತ ಹೆಚ್ಚೇ ಎಂದು ಹೋಲಿಸುವ ಒಂದು ಸಾಲು ಬರೆಯಲು ಮರೆತಿದ್ದರು, ಅಷ್ಟೇ. ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಕೆನಡಾದ ಕಂದಾಯ ಇಲಾಖೆಯಿಂದ ಸುಮಾರು 900 ನಾಗರಿಕರ ಗುರುತಿನ ಸಂಖ್ಯೆಗಳು ಕಳವಾದವು. ಮಿತಿಯನ್ನು ತಾನೇ ನೋಡಿಕೊಳ್ಳುವ ಭಾಷೆಯಲ್ಲಿ ಅದೇ ಮರೆವು ಆಗಿದ್ದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತಿತ್ತು, ಗುಟ್ಟು ಹೊರಬರುತ್ತಿರಲಿಲ್ಲ.

ಯೂನಿಕ್ಸ್ ಮಾತ್ರ ತಪ್ಪಿತಸ್ಥ ಎಂದಲ್ಲ. ವಿಂಡೋಸ್ ಕೂಡ ಅದೇ ಸಿ ಭಾಷೆಯ ಮಗು. 2003ರ ಜನವರಿಯಲ್ಲಿ ‘ಸ್ಲ್ಯಾಮರ್’ ಎಂಬ ಹುಳು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸರ್ವರುಗಳಿಗೆ ನುಗ್ಗಿತು. ಅದರ ಇಡೀ ಗಾತ್ರ 376 ಬೈಟ್. ಹತ್ತೇ ನಿಮಿಷದಲ್ಲಿ ಜಗತ್ತೆಲ್ಲ ಸುತ್ತಿತು. 2017ರ ಮೇನಲ್ಲಿ ‘ವಾನಾಕ್ರೈ’ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ಬೀಗ ಜಡಿದಾಗಲೂ ಮೂಲದಲ್ಲಿ ಇದ್ದದ್ದು ಇದೇ ಬಗೆಯ ದೋಷ.

2024ರ ಜುಲೈ 19ರ ಬೆಳಿಗ್ಗೆಯಂತೂ ನಮ್ಮವರಿಗೇ ನೆನಪಿದೆ. ವಿಂಡೋಸ್ ಯಂತ್ರಗಳನ್ನು ಕಾಯಲೆಂದು ಹಾಕಿಸಿದ್ದ ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶಕ್ಕೆ ಒಂದು ಅಪ್‌ಡೇಟ್ ಬಂತು. ಆ ತಂತ್ರಾಂಶಕ್ಕೆ ಸಿಗುತ್ತಿದ್ದದ್ದು ಇಪ್ಪತ್ತು ಮಾಹಿತಿ. ಅಪ್‌ಡೇಟ್ ಇಪ್ಪತ್ತೊಂದನೆಯದನ್ನು ಓದಲು ಹೇಳಿತು. ಇಲ್ಲದ ಮನೆಯ ಬಾಗಿಲು ತೆಗೆಯಲು ಹೋಗಿ, ಕಾರ್ಯಾಚರಣ ವ್ಯವಸ್ಥೆಯ ಗರ್ಭದಲ್ಲೇ ಕೂತಿದ್ದ ಆ ಪ್ರೋಗ್ರಾಂ ಇಡೀ ಯಂತ್ರವನ್ನು ಕೆಡವಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಸ್ತಬ್ಧವಾದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೆಂಗಳೂರೂ ಸೇರಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಾಲು ಬೆಳೆಯಿತು. ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು.

ಇಷ್ಟಾದರೂ ಹಳೆಯ ಮಾರ್ಗದ ಭಕ್ತರು ಹೇಳುವುದು ಒಂದೇ: ಒಳ್ಳೆಯ ಪ್ರೋಗ್ರಾಮರ್ ಇಂಥ ತಪ್ಪು ಮಾಡುವುದಿಲ್ಲ. ಹಾಗಾದರೆ ಮೈಕ್ರೋಸಾಫ್ಟ್‌ನಲ್ಲಿ ಒಳ್ಳೆಯವರು ಇಲ್ಲವೇ? ತಾನು ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಪ್ರತಿಶತ ಮೆಮೊರಿಯ ತಪ್ಪು ಬಳಕೆಯವು ಎಂದು ಆ ಕಂಪನಿಯೇ 2019ರಲ್ಲಿ ಹೇಳಿತು. ಕ್ರೋಮ್ ಬ್ರೌಸರಿನ ಗಂಭೀರ ದೋಷಗಳ ಲೆಕ್ಕ ಹಾಕಿದಾಗ ಅಲ್ಲಿಯೂ ಬಂದದ್ದು ಸುಮಾರು 70. ಬೇರೆ ಬೇರೆ ಊರು, ಬೇರೆ ಬೇರೆ ತಂಡ, ಅಂಕಿ ಒಂದೇ. ದೋಷ ಮನುಷ್ಯರಲ್ಲಿ ಅಲ್ಲ, ಕೈಗೆ ಕೊಟ್ಟ ಉಪಕರಣದಲ್ಲಿದೆ. ಉಲ್ಟಾ ಸಾಕ್ಷ್ಯವೂ ಈಗ ಸಿಕ್ಕಿದೆ. ಆಂಡ್ರಾಯ್ಡ್ ತಂಡ ಹಳೆಯ ಕೋಡನ್ನು ಹಾಗೇ ಬಿಟ್ಟು, ಹೊಸದನ್ನು ಹೆಚ್ಚಾಗಿ ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿತು. 2019ರಲ್ಲಿ ಅದರ ಭದ್ರತಾ ದೋಷಗಳಲ್ಲಿ 76 ಪ್ರತಿಶತ ಮೆಮೊರಿಯವಾಗಿದ್ದವು. 2024ಕ್ಕೆ ಅದು 24ಕ್ಕೆ ಇಳಿಯಿತು. ಎಲ್ಲವನ್ನೂ ಕೆಡವಿ ಹೊಸದಾಗಿ ಬರೆಯುವುದು ಅಸಾಧ್ಯ ಎಂಬ ಕೊನೆಯ ನೆಪಕ್ಕೂ ಇಲ್ಲಿ ಉತ್ತರವಿದೆ. ಲಿನಕ್ಸ್ ಕರ್ನೆಲ್ ಕೂಡ 2022ರ ಡಿಸೆಂಬರಿನ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಬಾಗಿಲು ತೆರೆಯಿತು.

ಬೇರೆ ಕಸುಬುಗಳಲ್ಲಿ ಈ ವಾದ ಎಂದೋ ಸತ್ತಿದೆ. ಯಂತ್ರದ ತಿರುಗುವ ಭಾಗಗಳಿಗೆ ಭದ್ರವಾದ ಬೇಲಿ ಇರಲೇಬೇಕು ಎಂದು ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ವಿಧಿಸಿತು. ಕೆಲಸಗಾರ ಎಚ್ಚರದಿಂದಿದ್ದರೆ ಕೈ ತುಂಡಾಗುತ್ತಿರಲಿಲ್ಲ ಎಂಬ ಮಾಲೀಕನ ಮಾತಿಗೆ ಕಾನೂನು ಸೊಪ್ಪು ಹಾಕಲಿಲ್ಲ. ತಂತ್ರಾಂಶ ಮಾರುವವರು ಮಾತ್ರ ಇಂದಿಗೂ “ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಹೊಣೆಯೂ ನಮ್ಮದಲ್ಲ” ಎಂದು ಪರವಾನಗಿ ಪತ್ರದಲ್ಲಿ ಬರೆದು ಪಾರಾಗುತ್ತಿದ್ದಾರೆ. ಯುರೋಪ್ 2024ರಲ್ಲಿ ತನ್ನ ಉತ್ಪನ್ನ ಹೊಣೆಗಾರಿಕೆಯ ನಿಯಮಕ್ಕೆ ತಂತ್ರಾಂಶವನ್ನೂ ಸೇರಿಸಿತು. ನಾವೂ ಆ ಹಾದಿ ಹಿಡಿಯಲೇಬೇಕು.

ಕನ್ನಡಿಗರಿಗೆ ಈ ಹಳೆಯ ತತ್ತ್ವದ ಇನ್ನೊಂದು ಏಟು ಬಿದ್ದಿದೆ. ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದು ಸಿ ಭಾಷೆ ಬಗೆದಿತ್ತು. ಅದರ ಜಗತ್ತಿನಲ್ಲಿ ಇದ್ದದ್ದು ಆಸ್ಕಿಯ 128 ಸಂಕೇತಗಳು. ನಮ್ಮ ಲಿಪಿಗೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿ ನಮ್ಮ ಕೆಲಸ ನಡೆಸಿಕೊಟ್ಟವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ಗೀಚು. ಹಾಗೆ ಬರೆದಿಟ್ಟ ಆದೇಶ, ಪತ್ರ, ಪುಸ್ತಕಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒಡೆದ ಒತ್ತಕ್ಷರಗಳನ್ನು ತಿದ್ದುತ್ತ ಕೂತ ಡಿಟಿಪಿಯವರಿಗೆ ಇದರ ಬೆಲೆ ಗೊತ್ತು.

ಯುನಿಕೋಡ್ ಬಂದ ಮೇಲೂ ಬುದ್ಧಿ ಬದಲಾಗಿಲ್ಲ. ‘ಲಕ್ಷ್ಮೀನಾರಾಯಣ’ ಎಂಬ ಹೆಸರು ತೆಗೆದುಕೊಳ್ಳಿ. ಕಣ್ಣಿಗೆ ಆರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಹದಿಮೂರು ಚಿಹ್ನೆ. ಯುಟಿಎಫ್-8 ರೂಪದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 39. ಲ್ಯಾಬ್ ಪುಸ್ತಕದ ಇಪ್ಪತ್ತು ಬೈಟ್‌ನ ಡಬ್ಬಿಗೆ ಇದು ಹೇಗೆ ಹಿಡಿಸೀತು? ಜಾಗ ನೋಡಿಕೊಂಡು ಕತ್ತರಿಸುವ ಪ್ರೋಗ್ರಾಂ ಆದರೂ, ಕೊನೆಯ ಸೊನ್ನೆಗೆ ಒಂದು ಬೈಟ್ ಬಿಟ್ಟು ಹತ್ತೊಂಬತ್ತಕ್ಕೆ ನಿಲ್ಲಿಸುತ್ತದೆ. ಆಗ ‘ಲಕ್ಷ್ಮ’ ಉಳಿಯುತ್ತದೆ, ಅದರ ಮುಂದೆ ದೀರ್ಘದ ಮೂರನೇ ಒಂದು ಭಾಗ ಮುರಿದ ಚಿಹ್ನೆಯಾಗಿ ನೇತಾಡುತ್ತದೆ. ನಮ್ಮವರ ಹೆಸರು ಹೀಗೆ ಅರ್ಧ ಕತ್ತರಿಸಿ ಅಚ್ಚಾಗುವುದಕ್ಕೆ ಕನ್ನಡದ ಜಟಿಲತೆ ಕಾರಣವಲ್ಲ. ಯುಟಿಎಫ್-8 ಅನ್ನು 1992ರ ಸೆಪ್ಟೆಂಬರಿನಲ್ಲಿ ರೂಪಿಸಿದವರು ಅದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬುದನ್ನೂ ಇಲ್ಲಿ ಹೇಳಬೇಕು. ತಮ್ಮ ಹಳೆಯ ಕಟ್ಟಡದ ಕೊರತೆಯನ್ನು ಆ ಹಿರಿಯರು ಕಂಡುಕೊಂಡು ತಿದ್ದಿದರು. ಅವರ ಹೆಸರು ಹೇಳಿ ಹಳತನ್ನೇ ಪೂಜಿಸುವವರು ತಿದ್ದಿಕೊಳ್ಳಲಿಲ್ಲ.

ಮುಂದೆ ಇನ್ನೊಂದು ಗಡುವು ಕಾದಿದೆ. ಯೂನಿಕ್ಸ್ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತದೆ. ಆ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಟ್ಟ ಯಂತ್ರಗಳಲ್ಲಿ 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಲೆಕ್ಕ ತುಂಬುತ್ತದೆ. ಮರುಕ್ಷಣ ಗಡಿಯಾರ 1901ಕ್ಕೆ ಹಾರುತ್ತದೆ. ದೊಡ್ಡ ಕಂಪ್ಯೂಟರುಗಳು ಬಹುಪಾಲು 64 ಬಿಟ್‌ಗೆ ಸರಿದಿವೆ. ಗೋಡೆಯೊಳಗೆ, ಮೀಟರಿನೊಳಗೆ, ಕಾರ್ಖಾನೆಯ ಪೆಟ್ಟಿಗೆಯೊಳಗೆ ಕೂತ ಸಣ್ಣ ಯಂತ್ರಗಳನ್ನು ಯಾರು ಎಣಿಸಿದ್ದಾರೆ? 2000ನೇ ಇಸವಿಯ ದೋಷ ತಿದ್ದುವ ಕೆಲಸದಿಂದ ಹೆಸರು ಗಳಿಸಿದ ಊರು ಬೆಂಗಳೂರು. ಈ ಗಡುವಿನ ತಪಾಸಣೆ ಇಲ್ಲಿಂದಲೇ ಈಗಲೇ ಶುರುವಾಗಬೇಕು.

ಇಂಥ ಊರಿನ ರಾಜ್ಯದಲ್ಲಿ, ಇಂದಿಗೂ ಎಷ್ಟೋ ಲ್ಯಾಬ್‌ಗಳಲ್ಲಿ ಮಕ್ಕಳು 1990ರ ದಶಕದ ಆರಂಭದ ಟರ್ಬೊ ಸಿ ತೆರೆದು ಕೂರುತ್ತಾರೆ. ಇಂದಿನ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ. ಹಳೆಯ ಡಾಸ್‌ನ ಅನುಕರಣೆಯೊಳಗೆ ಕೂರಿಸಿ ಓಡಿಸಬೇಕು. ಪೂರ್ಣಾಂಕ 32,767ಕ್ಕೆ ಮುಗಿಯುವ ಆ ಜಗತ್ತಿನಲ್ಲಿ ಕಲಿತ ಹುಡುಗ ನಾಳೆ ಆಸ್ಪತ್ರೆಯ ಯಂತ್ರಕ್ಕೆ, ಕಾರಿನ ಬ್ರೇಕಿಗೆ ಕೋಡ್ ಬರೆಯುತ್ತಾನೆ. ಸಿ ಕಲಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಮೆಮೊರಿ ಹೇಗಿರುತ್ತದೆ ಎಂದು ತಿಳಿಯಲು ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಅದರ ಜೊತೆಗೆ ಅದು ಎಲ್ಲಿ, ಏಕೆ ಮುರಿಯುತ್ತದೆ ಎಂಬುದನ್ನು ಮೊದಲ ವಾರದಲ್ಲೇ ಮುರಿದು ತೋರಿಸಿ. ಹೊಸ ಕಂಪೈಲರ್ ಕೊಡಿ. ಎರಡನೆಯ ಭಾಷೆಯಾಗಿ ಮಿತಿ ಕಾಯುವ ಭಾಷೆಯೊಂದನ್ನು ಕಡ್ಡಾಯ ಮಾಡಿ. ತಂತ್ರಾಂಶಕ್ಕೆ ಟೆಂಡರ್ ಕರೆಯುವ ಸರ್ಕಾರಿ ಇಲಾಖೆಗಳು, ಹೊಸ ಕೋಡನ್ನು ಯಾವ ಭಾಷೆಯಲ್ಲಿ, ಯಾವ ರಕ್ಷಣೆಯಲ್ಲಿ ಬರೆಯುತ್ತೀರಿ ಎಂಬ ಪ್ರಶ್ನೆಯನ್ನು ಷರತ್ತಿನಲ್ಲೇ ಸೇರಿಸಲಿ.

ಆ ಹುಡುಗಿಯ ಪ್ರಶ್ನೆ ಇನ್ನೂ ಹಾಗೇ ಇದೆ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ಕೂತಿರುವ ಮೇಷ್ಟ್ರುಗಳಿಗೆ ನಮ್ಮ ಮನವಿ: ಮುಂದಿನ ಸೆಮಿಸ್ಟರ್‌ನ ಲ್ಯಾಬ್ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಅದರಲ್ಲಿ ಗೆಟ್ಸ್ ಎಲ್ಲೆಲ್ಲಿದೆ ಎಂದು ಹುಡುಕಿ, ಅಷ್ಟನ್ನೂ ಹೊಡೆದುಹಾಕಿ. ಅದನ್ನು ಕಟ್ಟಿದ ಭಾಷೆಯೇ 2011ರಲ್ಲಿ ಹೊರಗೆ ಹಾಕಿದೆ.